ಹಿಂದಡಿ ಇಡದ ಬೆಸುಗೆ

೯

"ಮೂಗು ಹಿಂದಕ್ಕೆ ತಗೊಳ್ಳಿ ಭಾವ. ಇದು ಆಸಿಡ್, ಅತ್ತರ್ ಅಲ್ಲ."

ಭಾವ ಥಟ್ಟನೆ ಹಿಂದೆ ಸರಿದರು. ನಾನು ಬ್ರಷ್ಷಿನ ತುದಿಯನ್ನು ಬಾಟಲಿಗೆ ಅದ್ದಿ, ಬೆಳಿಗ್ಗೆಯಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದ ಉಕ್ಕಿನ ಅಂಚಿಗೆ ಸವರಿದೆ. ಅಂಗೈಯಗಲದ ತುಂಡು ಅದು. ಹನ್ನೊಂದು ದಿನಗಳ ಹಿಂದೆ ಹಾಡಹಗಲೇ ನದಿಯಲ್ಲಿ ಮುಳುಗಿ, ಇಂಜಿನ್ ಕೋಣೆಯಲ್ಲಿದ್ದ ಡ್ರೈವರನ ಪ್ರಾಣ ತೆಗೆದ ಬೋಟಿನ ತಳದಿಂದ ನಾನೇ ಕತ್ತರಿಸಿ ತಂದದ್ದು. ತಳದ ತಗಡಿನ ಒಂದು ಬೆಸುಗೆ ಬಾಯಿ ಬಿಟ್ಟಿತ್ತು. ಅದೇ ಬೆಸುಗೆಯಲ್ಲಿ ಬಿಡದೆ ಉಳಿದಿದ್ದ ತುದಿ ಇದು.

ಬೆಸುಗೆಯ ಪಕ್ಕದಲ್ಲಿ ಏಳು ಎಂಬ ಅಂಕಿ ಗುದ್ದಿತ್ತು. ಬೋಟು ಕಟ್ಟುವ ಈ ಯಾರ್ಡಿನಲ್ಲಿ ಒಬ್ಬೊಬ್ಬ ವೆಲ್ಡರಿಗೂ ಒಂದೊಂದು ನಂಬರಿನ ಉಕ್ಕಿನ ಅಚ್ಚು ಇರುತ್ತದೆ. ಕೆಲಸ ಮುಗಿಸಿ, ಪಕ್ಕದಲ್ಲಿ ಅಚ್ಚಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಅದು ಸಹಿ ಹಾಕಿದ ಹಾಗೆ. ಅಚ್ಚಿಲ್ಲದ ಬೆಸುಗೆ ಇದ್ದರೆ ಬೋಟನ್ನು ನೀರಿಗೆ ಬಿಡುವುದಿಲ್ಲ. ಏಳು ಅಂದರೆ ಏಳನೇ ನಂಬರ್ ಮೇಸ್ತ್ರಿ. ನಲವತ್ತು ವರ್ಷದಿಂದ ಅದೇ ನಂಬರು. ಸತ್ತ ಡ್ರೈವರ್ ಅವರ ಅಳಿಯ, ಒಬ್ಬಳೇ ಮಗಳ ಗಂಡ. ಹೆಣದ ಜೇಬಿನಲ್ಲಿ ಒಂದು ತುಂಡು ಸೀಮೆಸುಣ್ಣ ಸಿಕ್ಕಿತ್ತು, ಯಾಕೆ ಅಂತ ಯಾರಿಗೂ ತಿಳಿದಿರಲಿಲ್ಲ.

ಸಂಜೆ ನಾಲ್ಕಕ್ಕೆ ಬಂದರು ಅಧಿಕಾರಿ ಬರುತ್ತಾರೆ. ನನ್ನ ವರದಿ ತಗೊಳ್ಳುತ್ತಾರೆ. ಅದರಲ್ಲಿ ಮೇಸ್ತ್ರಿಯ ಕೈ ತಪ್ಪಿತು ಅಂತಿದ್ದರೆ ಅಚ್ಚನ್ನೂ ಕಿತ್ತುಕೊಂಡು, ಅವರನ್ನೂ ಜೀಪಿಗೆ ಹತ್ತಿಸಿಕೊಂಡು ಹೋಗುತ್ತಾರೆ. ಅಳಿಯನನ್ನು ಕೊಂದ ಮಾವ ಅಂತ ಕಾಗದದ ಮೇಲೆ ಬರೆದಾಗುತ್ತದೆ.

ಈಗ ಎರಡೂವರೆ ಗಂಟೆ.

"ಎಷ್ಟು ಹೊತ್ತು ಅಂತ ಅದನ್ನೇ ನೋಡ್ತಾ ಕೂತ್ಕೋತೀಯ?" ಅಂದರು ಭಾವ. "ನಂಬರ್ ಇದೆ, ಬೆಸುಗೆ ಬಿಟ್ಟಿದೆ. ವಯಸ್ಸಾದ ಮನುಷ್ಯ, ಕಣ್ಣು ಮಂಜಾಗಿತ್ತು ಅಂತ ಬರೆದುಬಿಡು. ಎಪ್ಪತ್ತು ದಾಟಿದವರನ್ನ ಯಾರೂ ಒಳಗೆ ಹಾಕಲ್ಲ."

"ಭಾವ, ನೀವು ಸುಮ್ಮನಿದ್ದರೆ ನನಗೆ ಒಂದು ಕಣ್ಣು ಜಾಸ್ತಿ ಬಂದ ಹಾಗಿರುತ್ತೆ."

ಅವರು ಸುಮ್ಮನಾದರು. ಅಕ್ಕನ ಗಂಡ, ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿ ಬೋಟು ತಪಾಸಣೆಯ ಪರೀಕ್ಷೆಗೆ ಕೂರಿಸಿದವರು. ವೆಲ್ಡಿಂಗ್ ಮೆಷಿನ್ ಕಂಪನಿಯಿಂದ ನಿವೃತ್ತಿಯಾಗಿ ಮನೆಯಲ್ಲಿ ಕೂತರೆ ಅಕ್ಕ ಗೊಣಗುತ್ತಾಳೆ ಅಂತ ನನ್ನ ಚೀಲ ಹೊತ್ತುಕೊಂಡು ಬರುತ್ತಾರೆ. ನಾನು ಎಷ್ಟು ಗದರಿದರೂ ನಗುತ್ತಾರೆ. ಇವತ್ತು ಯಾಕೋ ನಗಲಿಲ್ಲ.

ಆಸಿಡ್ ತನ್ನ ಕೆಲಸ ಮುಗಿಸಿತ್ತು. ತುಂಡನ್ನು ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒತ್ತಿ, ಭೂತಗನ್ನಡಿ ಹಿಡಿದೆ.

ಅಬ್ಬಾ! ಕೂತಲ್ಲಿಂದ ಎದ್ದು ನಿಂತುಬಿಟ್ಟೆ.

ಒಂದು ಬೆಸುಗೆ ಅಲ್ಲ, ಎರಡು. ಮೇಲೊಂದು, ಅಡಿಯಲ್ಲೊಂದು. ಮೇಲಿನದು ವೆಲ್ಡಿಂಗ್ ಕಡ್ಡಿ ಉರಿಸಿ ಹಾಕಿದ ಹಳೇ ಕಾಲದ ಅಗಲವಾದ ಬೆಸುಗೆ, ಗಟ್ಟಿಯಾಗಿಯೇ ಇತ್ತು. ಅದರ ಹೊಟ್ಟೆಯೊಳಗೆ ಇನ್ನೊಂದು, ತೆಳ್ಳಗಿನದು, ಮೈತುಂಬ ತೂತು. ಮೈ ತಿಕ್ಕುವ ಸ್ಪಂಜಿಗೂ ಅಷ್ಟು ತೂತು ಇರುವುದಿಲ್ಲ. ತುಂಡನ್ನು ತಿರುಗಿಸಿ ಒಳಮೈ ನೋಡಿದೆ. ಬೆಸುಗೆಯ ಬುಡದಿಂದ ಕೂದಲಿನಂಥ ತಂತಿಯ ಮೊನೆಯೊಂದು ಚಾಚಿಕೊಂಡಿತ್ತು.

ಕಡ್ಡಿ ವೆಲ್ಡಿಂಗಿನಲ್ಲಿ ತಂತಿ ಎಲ್ಲಿಂದ ಬರಬೇಕು? ಅದು ಹೊಸ ಮೆಷಿನ್ನಿನ ಕೆಲಸ. ಸುರುಳಿಯಿಂದ ತಂತಿ ತಾನಾಗಿ ಬರುತ್ತಾ ಇರುತ್ತದೆ, ಸುತ್ತ ಗ್ಯಾಸು ಬಂದು ಗಾಳಿಯನ್ನು ದೂರ ಇಡುತ್ತದೆ. ಏಳನೇ ನಂಬರ್ ಮೇಸ್ತ್ರಿ ಆ ಮೆಷಿನ್ನನ್ನು ಜನ್ಮದಲ್ಲಿ ಮುಟ್ಟಿದವರಲ್ಲ. "ಅದು ಬಂದೂಕು ಹಿಡಿದ ಹಾಗಿದೆ ಕಣಮ್ಮ, ನಾನು ಯಾರ ಮೇಲೂ ಯುದ್ಧಕ್ಕೆ ಹೊರಟಿಲ್ಲ" ಅಂತ ಮೊದಲ ದಿನವೇ ನನಗೆ ಹೇಳಿದ್ದರು.

ಯಾರೋ ಕದ್ದುಮುಚ್ಚಿ ಆ ತಗಡನ್ನು ತಂತಿಯಲ್ಲಿ ಕೂಡಿಸಿ, ಮೇಲೆ ಕಡ್ಡಿ ಬೆಸುಗೆಯ ಹೊದಿಕೆ ಹೊದಿಸಿ, ಮುದುಕನ ಅಚ್ಚು ಗುದ್ದಿದ್ದರು!

ನಿನ್ನೆಯೇ ನನಗೆ ಅನುಮಾನ ಬಂದಿತ್ತು, ಬಣ್ಣ ಕೆರೆದಾಗ. ಅದನ್ನು ಹೇಳಬೇಕಾದರೆ ಮೇಸ್ತ್ರಿಯ ಕೈಯ ಬಗ್ಗೆ ಹೇಳಬೇಕು, ಹೇಳದೆ ಇದ್ದರೆ ನನಗೆ ಊಟ ಸೇರುವುದಿಲ್ಲ.

ಉದ್ದನೆಯ ತಗಡನ್ನು ಈ ತುದಿಯಿಂದ ಆ ತುದಿಗೆ ಒಂದೇ ಸಮ ಬೆಸೆಯುತ್ತಾ ಹೋದರೆ ಬಿಸಿ ಏರಿ ತಗಡು ಸೊಟ್ಟಗಾಗುತ್ತದೆ, ಬಿಸಿಲಿಗೆ ಬಿದ್ದ ರಟ್ಟಿನ ಹಾಗೆ. ಮೇಸ್ತ್ರಿ ಹಾಗೆ ಮಾಡುವುದಿಲ್ಲ. ಒಂದು ಗೇಣು ಮುಂದೆ ಹೋಗಿ ಕಡ್ಡಿ ಹೊತ್ತಿಸುತ್ತಾರೆ, ಅಲ್ಲಿಂದ ಹಿಂದಕ್ಕೆ ಬರುತ್ತಾ ಹಳೆಯ ಬೆಸುಗೆಗೆ ಮುಟ್ಟಿಸುತ್ತಾರೆ. ಮತ್ತೆ ಒಂದು ಗೇಣು ಮುಂದೆ, ಮತ್ತೆ ಹಿಂದಕ್ಕೆ. ಕೆಲಸ ಮುಂದೆ ಹೋಗುತ್ತದೆ, ಕೈ ಮಾತ್ರ ಹಿಂದಡಿ ಇಡುತ್ತಲೇ ಇರುತ್ತದೆ. ಬೆಸುಗೆಯ ಮೇಲಿನ ಅಲೆಗಳು ಮೀನಿನ ಪೊರೆಯ ಹಾಗೆ ಒಂದು ದಿಕ್ಕಿಗೆ ಮಲಗಿರುತ್ತವಲ್ಲ, ಅವುಗಳನ್ನು ಓದಿದರೆ ಕೈ ಯಾವ ಕಡೆ ಓಡಿತು ಅಂತ ತಿಳಿಯುತ್ತದೆ.

ಆ ಬೋಟಿನ ತಳವನ್ನು ಮೂತಿಯಿಂದ ಬಾಲದವರೆಗೆ ಮಲಗಿಕೊಂಡೇ ಓದಿದ್ದೇನೆ. ಹನ್ನೆರಡು ವರ್ಷ ನೀರಲ್ಲಿದ್ದ ಬೋಟು. ಎಲ್ಲೂ ತಗಡು ಉಬ್ಬಿಲ್ಲ, ತಗ್ಗಿಲ್ಲ. ಕೈಯಾಡಿಸಿದರೆ ಕೂಸಿನ ಬೆನ್ನು. ಒಂದೊಂದು ಗೇಣೂ ಹಿಂದಡಿಯ ಬೆಸುಗೆ, ಕೊನೆಗೆ ಕಡ್ಡಿ ಎತ್ತುವ ಮುಂಚೆ ಒಂದು ಸಣ್ಣ ಕೊಕ್ಕೆ, ಗುಳಿ ಉಳಿಯಬಾರದು ಅಂತ. ಸಾವಿರಾರು ಕೊಕ್ಕೆಗಳು, ಒಂದೂ ತಪ್ಪಿಲ್ಲ. ಬೆನ್ನಿಗೆ ಕೆಸರು ಮೆತ್ತಿಕೊಂಡು ಮಲಗಿದ್ದವಳು ಒಂದು ಸಲ ಕೈ ಮುಗಿದೇಬಿಟ್ಟೆ. ಯಾರೂ ನೋಡಲಿಲ್ಲ, ಪುಣ್ಯ.

ಇಂಜಿನ್ ಕೆಳಗೆ ಆಮೇಲೆ ಯಾವಾಗಲೋ ಬದಲಿಸಿ ಹಾಕಿದ ಈ ಒಂದು ತಗಡಿನಲ್ಲಿ ಮಾತ್ರ ಅಲೆಗಳೆಲ್ಲ ಮುಂದಕ್ಕೇ ಓಡಿದ್ದವು.

ತುಂಡನ್ನು ಎತ್ತಿಕೊಂಡು ಮೇಸ್ತ್ರಿಯ ಹತ್ತಿರ ಹೆಚ್ಚುಕಡಿಮೆ ಓಡಿದೆ. ಅವರು ಶೆಡ್ಡಿನ ಮೂಲೆಯ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದರು. ಅದು ಅವರ ಅಪ್ಪ ಕಟ್ಟಿದ ಹಳೇ ದೋಣಿಯ ತಗಡು. ತಗಡಿನ ಮೇಲೆ ತಗಡು ಏರಿಸಿ, ಕೆಂಡದಂಥ ರಿವಿಟ್ಟನ್ನು ತೂತಿಗೆ ತೂರಿಸಿ, ಎರಡು ಕಡೆಯಿಂದ ಬಡಿದು ಕೂರಿಸುತ್ತಿದ್ದ ಕಾಲದ್ದು. ಒಂದು ರಿವಿಟ್ಟೂ ಅಲ್ಲಾಡಿಲ್ಲ. ಆ ಮನೆತನಕ್ಕೆ ಸಡಿಲ ಅನ್ನುವುದೇ ಗೊತ್ತಿಲ್ಲವೇನೋ.

"ಮೇಸ್ತ್ರಿ, ಬಚಾವಾದ್ರಿ! ಇದು ನಿಮ್ಮ ಕೈ ಅಲ್ಲ. ನೋಡಿ, ಒಳಗೆ ತಂತಿ!"

ಅವರು ತುಂಡನ್ನು ತಗೊಂಡರು. ಒಳಗಿನ ತೂತು ನೋಡಿ ತಲೆಯಾಡಿಸಿದರು. ತಿರುಗಿಸಿ ಮೇಲ್ಮೈ ಮೇಲೆ ಹೆಬ್ಬೆರಳು ಆಡಿಸಿದರು. ತುದಿಗೆ ಬಂದಾಗ ಹೆಬ್ಬೆರಳು ನಿಂತುಬಿಟ್ಟಿತು. ಇನ್ನೊಂದು ಸಲ ಆಡಿಸಿದರು. ಮುಖದ ಬಣ್ಣ ಇಳಿದುಹೋಯಿತು.

"ನಂದೇ ಕಣಮ್ಮ" ಅಂದರು.

"ಏನು?"

"ನನ್ನ ಕೈಯೇ. ಬರ್ಕೋ."

ನನಗೆ ಮೈಯೆಲ್ಲ ಉರಿದುಹೋಯಿತು. "ಹತ್ತು ದಿನದಿಂದ ನನ್ನದಲ್ಲ, ನನ್ನದಲ್ಲ ಅಂತ ಪ್ರಾಣ ತಿಂದ್ರಿ. ಈಗ ಅಲ್ಲ ಅಂತ ನಾನು ಹೇಳಿದ್ರೆ ನಂದು ಅಂತೀರಾ? ಮೆಷಿನ್ ಯಾವಾಗ ಕಲಿತ್ರಿ? ಕನಸಲ್ಲಾ?"

"ಕಲಿತೆ. ಯಾರಿಗೂ ಹೇಳಲಿಲ್ಲ."

"ಹಾಗಾದ್ರೆ ಬನ್ನಿ, ಮೆಷಿನ್ ಆನ್ ಮಾಡಿ ತೋರಿಸಿ. ಸ್ವಿಚ್ ಎಲ್ಲಿದೆ ಹೇಳಿ, ಸಾಕು."

ಅವರು ನೆಲ ನೋಡಿದರು. ನಲವತ್ತು ವರ್ಷದ ಮಾನವನ್ನು ಹೀಗೆ ಚೆಲ್ಲಿಬಿಡುವ ಮನುಷ್ಯ ಯಾರನ್ನಾದರೂ ಕಾಪಾಡುತ್ತಿರಬೇಕು. ಆ ಹೆಬ್ಬೆರಳು ನಿಂತ ಜಾಗ ನೋಡಿದೆ. ಬೆಸುಗೆಯ ಕೊನೆಯಲ್ಲಿ ಒಂದು ಸಣ್ಣ ಕೊಕ್ಕೆ. ಮೇಸ್ತ್ರಿಯದ್ದೇ ಕೊಕ್ಕೆ, ಆದರೆ ಮೇಸ್ತ್ರಿಯದಲ್ಲದ ಕೈ. ಅಂದರೆ ಅವರಿಂದ ಕಲಿತ ಕೈ.

ಈ ಯಾರ್ಡಿನಲ್ಲಿ ಅವರು ಕೂರಿಸಿಕೊಂಡು ಕಲಿಸಿದ್ದು ಒಬ್ಬಳಿಗೇ. ತಂತಿ ಮೆಷಿನ್ ಹಿಡಿಯುವವಳೂ ಅವಳೇ.

ಎಂಥ ಹುಚ್ಚು ಅಪ್ಪ! ನನಗಂತೂ ಕೋಪವೇ ಬಂತು. ತಪ್ಪು ಮಾಡಿದವರು ಮನೆಯವರಾದರೇನು, ಹೊರಗಿನವರಾದರೇನು? ಕಬ್ಬಿಣಕ್ಕೆ ನೆಂಟರಿಲ್ಲ. ನನ್ನ ಇಡೀ ವೃತ್ತಿ ನಿಂತಿರುವುದೇ ಆ ಒಂದು ನಂಬಿಕೆಯ ಮೇಲೆ.

"ಮಗಳನ್ನ ಕರೀರಿ" ಅಂದೆ.

ಮೇಸ್ತ್ರಿ ಮಗಳು ಆಚೆ ಬೋಟಿನಿಂದ ಇಳಿದು ಬಂದಳು. ಗಂಡ ಸತ್ತು ಹನ್ನೊಂದು ದಿನ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಅಂತ ನಾಲ್ಕನೇ ದಿನವೇ ಕೆಲಸಕ್ಕೆ ಬಂದಿದ್ದಳು. ಹುಡುಕಿ ಕೊಡಿ ಅಕ್ಕ, ಯಾರೇ ಆಗಿರಲಿ ಹುಡುಕಿ ಕೊಡಿ ಅಂತ ನನ್ನ ಕೈ ಹಿಡಿದುಕೊಂಡವಳು ಅವಳೇ.

"ಎರಡು ತಗಡು ಬೆಸೆದು ತೋರಿಸಮ್ಮ. ಒಂದು ತಂತಿಯಲ್ಲಿ, ಒಂದು ಕಡ್ಡಿಯಲ್ಲಿ."

"ನನ್ನ ಮೇಲೆ ಅನುಮಾನಾನಾ ಅಕ್ಕ?"

"ಹೌದು" ಅಂದೆ. ಸುಳ್ಳು ಹೇಳುವುದಕ್ಕೆ ನನಗೆ ಬರುವುದಿಲ್ಲ.

ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಮುಖಗವಚ ಏರಿಸಿಕೊಂಡಳು. ಶೆಡ್ಡಿನ ಬಾಗಿಲು ತೆರೆದಿತ್ತು, ನದಿಯ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಭಾವ ಸಿಲಿಂಡರಿನ ತಿರುಪಿಗೆ ಕೈ ಹಾಕಿದರು. "ಗಾಳಿ ಇದೆ ಕಣಮ್ಮ, ಗ್ಯಾಸ್ ಸ್ವಲ್ಪ ಏರಿಸ್ಕೋ."

"ಬೇಡ ಅಂಕಲ್." ಅವಳು ಅವರ ಕೈಯನ್ನು ಮೆಲ್ಲಗೆ ಸರಿಸಿ, ತಿರುಪನ್ನು ಮೊದಲಿನಂತೆ ಇಳಿಸಿ, ಮೇಲಿಂದ ತಾಡಪಾಲು ಎಳೆದು ಸುತ್ತ ಮರೆ ಮಾಡಿಕೊಂಡಳು. ತನ್ನ ಗೂಡು ತಾನೇ ಕಟ್ಟಿಕೊಂಡ ಮೇಲೆಯೇ ಗುಂಡಿ ಒತ್ತಿದ್ದು.

"ನಾನು ಟೀ ತರ್ತೀನಿ" ಅಂತ ಭಾವ ಹೊರಟರು.

ನಾನು ಕಪ್ಪುಗಾಜು ಹಿಡಿದು ಒಳಗೆ ಬಗ್ಗಿದೆ. ಹೊಸದನ್ನು ಕಂಡರೆ ಮೂಗು ಮುರಿಯುವವಳು ನಾನು, ಒಪ್ಪಿಕೊಳ್ಳುತ್ತೇನೆ. ಆದರೆ ಅವಳ ಕೈ ನೋಡಬೇಕಿತ್ತು. ಕಾದ ಹೆಂಚಿಗೆ ನೀರು ಹನಿಸಿದ ಸದ್ದು, ಒಂದೇ ಸಮ, ಎಲ್ಲೂ ಏರಿಲ್ಲ, ಇಳಿದಿಲ್ಲ. ಕಡ್ಡಿಯಲ್ಲಿ ಗೇಣಿಗೊಂದು ಸಲ ನಿಲ್ಲಿಸಿ, ಮೇಲೆ ಕೂತ ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ತೆಗೆಯಬೇಕು. ಇಲ್ಲಿ ಕಿಟ್ಟವೇ ಇಲ್ಲ. ಬೆಳ್ಳಿಯ ದಾರ ಎಳೆದ ಹಾಗೆ ಹೊರಬಂತು. ಅಪ್ಪ ಒಂದು ದಿನದಲ್ಲಿ ಮಾಡುವುದನ್ನು ಇವಳು ಮಧ್ಯಾಹ್ನದೊಳಗೆ ಮುಗಿಸುತ್ತಾಳೆ, ಅಷ್ಟೇ ಚೆನ್ನಾಗಿ. ಮೂಲೆಯಿಂದ ಮೇಸ್ತ್ರಿ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಆ ಹೊತ್ತಿನಲ್ಲೂ ಅವರ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು.

"ಈಗ ಕಡ್ಡಿ."

ಅವಳು ಕಡ್ಡಿ ಸಿಕ್ಕಿಸಿಕೊಂಡಳು. ನಾನು ಹಿಂದಡಿಯ ಸುದ್ದಿಯನ್ನೇ ಎತ್ತಲಿಲ್ಲ. ಅವಳೂ ಯೋಚಿಸಲಿಲ್ಲ. ಕೈ ತಾನಾಗಿಯೇ ಒಂದು ಗೇಣು ಮುಂದೆ ಹಾರಿ, ಕಡ್ಡಿ ಹೊತ್ತಿಸಿ, ಹಿಂದಕ್ಕೆ ಬಂತು. ಮತ್ತೆ ಮುಂದೆ, ಮತ್ತೆ ಹಿಂದಕ್ಕೆ. ಕೊನೆಗೊಂದು ಕೊಕ್ಕೆ.

ನನ್ನ ಎದೆಯಿಂದ ಒಂದು ಮಣ ಭಾರ ಇಳಿಯಿತು. ಗಾಳಿಯಲ್ಲಿ ಮರೆ ಕಟ್ಟದೆ ಗುಂಡಿ ಒತ್ತುವವಳಲ್ಲ ಇವಳು. ಹಿಂದಡಿ ಇಡದೆ ಕಡ್ಡಿ ಹಿಡಿಯುವವಳೂ ಅಲ್ಲ.

"ನೀನಲ್ಲ" ಅಂದೆ. "ಬಯ್ಕೋಬೇಡ ತಾಯಿ."

"ಬಯ್ಯಲ್ಲ. ಆ ತುಂಡು ತೋರಿಸಿ."

ತುಂಡು ಮೇಸ್ತ್ರಿಯ ಪಕ್ಕದಲ್ಲಿ ಬೆಂಚಿನ ಮೇಲಿತ್ತು. ಅವಳು ಎರಡು ಹೆಜ್ಜೆ ಇಟ್ಟಿದ್ದಳಷ್ಟೇ, ಮುದುಕ ತಟ್ಟನೆ ಅದರ ಮೇಲೆ ಅಂಗೈ ಮುಚ್ಚಿದರು.

"ಬೇಡ ಮಗಳೇ."

"ಅಪ್ಪ, ಕೈ ತೆಗಿ."

"ನಾನೇ ಮಾಡಿದ್ದು ಅಂತ ಹೇಳಿದ್ದೀನಲ್ಲ. ಹೋಗು, ಕೆಲಸ ನೋಡು."

"ನೀನು ಮಾಡಿದ್ದಾದ್ರೆ ನಾನು ನೋಡಿದ್ರೆ ಏನು?"

ಅವಳು ಅವರ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಸುಟ್ಟ ಕಲೆಗಳ ಆ ದಪ್ಪ ಬೆರಳುಗಳು ಕೊನೆಯವರೆಗೂ ಹಟ ಮಾಡಿದವು. ತುಂಡು ಅವಳ ಕೈಗೆ ಬಂತು. ಹೆಬ್ಬೆರಳು ಆಡಿಸಿದಳು, ಅಪ್ಪ ಆಡಿಸಿದ ಹಾಗೆಯೇ. ಅದೇ ಜಾಗದಲ್ಲಿ ನಿಂತಳು.

"ಇದು ನಮ್ಮನೆಯೋರ ಕೈ" ಅಂದಳು.

ಆಮೇಲೆ ನನ್ನ ಕಡೆ ತಿರುಗಿದಳು.

"ಹಿತ್ತಲ ಗೇಟು ಮಾಡುವಾಗ ನಾನೇ ಕಲಿಸಿದೆ ಅಕ್ಕ. ನಾನು ಬೋಟು ಓಡಿಸೋದು ಕಲಿತೀನಿ, ನೀವು ಕಡ್ಡಿ ಹಿಡಿಯೋದು ಕಲೀರಿ ಅಂತ ಪಂದ್ಯ. ಕೊಕ್ಕೆ ಬಂತು. ಹಿಂದಡಿ ಮಾತ್ರ ತಲೆಗೆ ಹತ್ತಲೇ ಇಲ್ಲ. ಎಷ್ಟು ಬೈದಿದ್ದೀನೋ. ಕೊಕ್ಕೆ ಎಡಕ್ಕೆ ತಿರುಗಿಸೋರು, ನಾವೆಲ್ಲ ಬಲಕ್ಕೆ." ಅವಳು ತುಂಡನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದಳು. "ಅಚ್ಚು ಮನೇಲಿ ಅಪ್ಪನ ಟೋಪಿ ಕೆಳಗೆ ಮೊಳೆಗೆ ತೂಗುಹಾಕಿರುತ್ತೆ. ತಗೊಂಡ್ರೆ ಯಾರು ಕೇಳ್ತಾರೆ?"

ಮೇಸ್ತ್ರಿ ಮುಖ ಮುಚ್ಚಿಕೊಂಡರು. ತನ್ನ ಗಂಡ ತಾನೇ ಹಾಕಿದ ಬೆಸುಗೆ ಬಿಟ್ಟು ಸತ್ತ ಅಂತ ಮಗಳಿಗೆ ಗೊತ್ತಾಗದಿರಲಿ ಅಂತ ಆ ಮನುಷ್ಯ ಜೀಪು ಹತ್ತಲು ಹೊರಟಿದ್ದರು.

ಆಗ ನನಗೆ ಸೀಮೆಸುಣ್ಣ ನೆನಪಾಯಿತು. ಹೆಣದ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು, ಇಷ್ಟು ದಿನ ಯಾರಿಗೂ ಅರ್ಥವಾಗದಿದ್ದದ್ದು.

"ಮೇಸ್ತ್ರಿ, ಬೆಸುಗೆ ಸೋರುತ್ತಾ ಅಂತ ನೀವು ಹೇಗೆ ನೋಡ್ತೀರಿ?"

"ಒಂದು ಕಡೆ ಸುಣ್ಣ ಬಳಿಯೋದು, ಇನ್ನೊಂದು ಕಡೆ ಸೀಮೆಎಣ್ಣೆ. ಸೂಜಿಮೊನೆಯಷ್ಟು ತೂತಿದ್ರೂ ಸುಣ್ಣದ ಮೇಲೆ ಕಲೆ ಏಳುತ್ತೆ."

"ಬೋಟು ನೀರಲ್ಲಿದ್ರೆ?"

"ಎಣ್ಣೆ ಯಾಕೆ, ನೀರೇ ಇದೆಯಲ್ಲ. ಒಳಗಡೆ ಒರೆಸಿ ಸೀಮೆಸುಣ್ಣ ಉಜ್ಜಿದ್ರೆ…" ಅವರು ಅಲ್ಲಿಗೇ ನಿಂತರು. ಕಣ್ಣು ತುಂಬಿಕೊಂಡವು. "ನೋಡೋಕೆ ಹೋಗಿದ್ನಾ? ಅವನು ಆವತ್ತು ಅದನ್ನ ನೋಡೋಕೇ ಇಳಿದಿದ್ನಾ?"

"ಹೌದು ಮೇಸ್ತ್ರಿ. ಮನಸ್ಸು ಕೇಳಿಲ್ಲ. ಸರಿ ಮಾಡೋಕೆ ಇಳಿದಿದ್ದಾನೆ."

ಅಪ್ಪ ಮಗಳು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು. ನಾನು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ. ಗಂಟೆ ನಾಲ್ಕಕ್ಕೆ ಐದು ನಿಮಿಷ.

ಮೊದಲು ಸುಧಾರಿಸಿಕೊಂಡವಳು ಮಗಳೇ. ಕಣ್ಣೊರೆಸಿ, ತುಂಡನ್ನು ಅಡ್ಡ ತಿರುಗಿಸಿ, ಒಳಗಿನ ತೂತುಗಳನ್ನು ಬೆಳಕಿಗೆ ಹಿಡಿದಳು.

"ಅಕ್ಕ, ಮೇಲಿನದು ನಮ್ಮೋರದು. ಅದರಲ್ಲಿ ತಪ್ಪಿಲ್ಲ, ಗಟ್ಟಿಯಾಗಿದೆ. ಮೋಸ ಮಾಡಿದ್ದು ಒಳಗಿನ ತಂತಿ. ಅವರು ಮೆಷಿನ್ನನ್ನ ಮುಟ್ಟಿದವರಲ್ಲ. ಇನ್ನೊಬ್ಬರಿದ್ರು."

"ಯಾರು ಅಂತ ಇದರಲ್ಲಿ ಓದೋಕಾಗುತ್ತಾ?"

"ನಾನು ಓದಬಲ್ಲೆ. ಈ ಥರ ತೂತು ನಾನೂ ಮಾಡಿದ್ದೆ, ಕಲಿಯೋಕೆ ಶುರು ಮಾಡಿದ ವಾರ. ಹೊರಗಡೆ ಗಾಳಿಯಿದ್ರೆ ಮರೆ ಕಟ್ಟಬೇಕು. ನಾನು ಮರೆ ಕಟ್ಟದೆ ಗ್ಯಾಸ್ ಏರಿಸ್ತಿದ್ದೆ. ಗ್ಯಾಸ್ ಜಾಸ್ತಿ ಬಿಟ್ರೆ ಅದೇ ಸುಳಿ ಎದ್ದು ಗಾಳೀನ ಒಳಗೆ ಎಳ್ಕೊಳ್ಳುತ್ತೆ. ಅಪ್ಪ ನೋಡಿ, ಇದೇನೇ ಸ್ಪಂಜು ಅಂತ ನಕ್ಕು, ತಾಡಪಾಲು ತಂದು ಕೊಟ್ಟಿದ್ದು."

"ಗ್ಯಾಸ್ ಏರಿಸು ಅಂತ ನಿನಗೆ ಹೇಳಿಕೊಟ್ಟಿದ್ದು ಯಾರು?"

ಕೇಳಿದ್ದು ನಾನೇ. ಮಾತು ಬಾಯಿಂದ ಹೊರಟ ಮೇಲೆ ಕೇಳಬಾರದಿತ್ತು ಅನ್ನಿಸಿತು.

"ಮೆಷಿನ್ ಕಂಪನಿಯಿಂದ ಬಂದಿದ್ರಲ್ಲ, ಹದಿನೈದು ದಿನ ಇದ್ದು ಕಲಿಸಿದ್ರು…" ಅವಳು ಹೇಳುತ್ತಾ ಹೇಳುತ್ತಾ ನಿಧಾನವಾದಳು. ಕಣ್ಣು ಸಿಲಿಂಡರಿನ ತಿರುಪಿನ ಕಡೆ ಹೋಯಿತು.

ನಾನೂ ಅಲ್ಲೇ ನೋಡಿದೆ. ಇಪ್ಪತ್ತೈದು ವರ್ಷ ಆ ಕಂಪನಿಯಲ್ಲಿ ದುಡಿದು, ಆ ಸಂಬಳದಲ್ಲಿ ನನಗೆ ಪುಸ್ತಕ ಕೊಡಿಸಿದ ಮನುಷ್ಯ, ನನ್ನ ಭಾವ. ಸಿಲಿಂಡರಿನ ಪಕ್ಕ ನನ್ನ ಚೀಲ ಇತ್ತು. ಟೀ ತರಲು ಹೋದವರು ಇನ್ನೂ ಬಂದಿರಲಿಲ್ಲ. ಟೀ ಅಂಗಡಿ ಗೇಟಿನ ಎದುರಿಗೇ ಇದೆ.

ಹೊರಗೆ ಜೀಪಿನ ಹಾರ್ನ್ ಕೇಳಿಸಿತು.

"ತುಂಡು ಇಲ್ಲಿ ಕೊಡಿ, ಸಾಹೇಬರಿಗೆ ನಾನೇ ತೋರಿಸ್ತೀನಿ" ಅಂತ ಮೇಸ್ತ್ರಿ ಮಗಳು ಕೈ ಚಾಚಿದಳು. ಆಗಲೇ ನನಗೆ ತಿಳಿದದ್ದು, ಯಾವಾಗಲೋ ಏನೋ, ತುಂಡನ್ನು ಅವಳ ಕೈಯಿಂದ ತಗೊಂಡು ಬೆಂಚಿನ ಮೇಲಿಟ್ಟು ನಾನು ಅಂಗೈ ಮುಚ್ಚಿಬಿಟ್ಟಿದ್ದೆ.

ಮೇಸ್ತ್ರಿ ನನ್ನ ಕೈಯನ್ನೇ ನೋಡುತ್ತಿದ್ದರು.

ಬೂಟಿನ ಸದ್ದು ಶೆಡ್ಡಿನ ಬಾಗಿಲಿಗೆ ಬಂತು. ನನ್ನ ಕೈ ಮೇಲೇಳಲಿಲ್ಲ.